ನೀಲಿ, ಆಲಿವ್, ಚಾಕೊಲೇಟ್ ಬಣ್ಣದ ಮೊಟ್ಟೆಗಳು: ತಳಿಯ ಆಯ್ಕೆಯಿಂದ ಮರಿ ಮಾಡಿಸುವವರೆಗೆ

ಕೋಳಿಮೊಟ್ಟೆಯ ಚಿಪ್ಪಿಗೆ ಬಣ್ಣ ಕೊಡುವ ವಸ್ತುಗಳು ಮುಖ್ಯವಾಗಿ ಎರಡೇ. ಒಂದು ಕಂದು, ಇನ್ನೊಂದು ನೀಲಿ. ತಿಳಿನೀಲಿ, ಪಾಚಿಹಸಿರು, ಆಲಿವ್, ಇಟ್ಟಿಗೆಗೆಂಪು, ಕಡು ಚಾಕೊಲೇಟ್, ನಸುಗುಲಾಬಿ ಎಂದು ನಾವು ಕರೆಯುವ ಬಣ್ಣಗಳೆಲ್ಲ ಈ ಎರಡು ಎಷ್ಟೆಷ್ಟು ಸೇರಿವೆ ಎಂಬುದರ ಮೇಲೆ ನಿಂತಿವೆ. ಇದು ಮನಸ್ಸಿಗೆ ಹತ್ತಿದರೆ ಯಾವ ತಳಿ ತರಬೇಕು, ಯಾವ ಹುಂಜವನ್ನು ಯಾವ ಹೇಂಟೆಯ ಜೊತೆ ಬಿಡಬೇಕು, ಬಣ್ಣ ಮಾಸಿದಾಗ ಕಾರಣವನ್ನು ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ. ಹತ್ತದಿದ್ದರೆ ಬಣ್ಣ ತಿದ್ದಿದ ಚಿತ್ರಗಳನ್ನು ನಂಬಿ ಹಣ ಕಳೆದುಕೊಳ್ಳಬೇಕಾಗುತ್ತದೆ. ಕಡುನೇರಳೆ, ರಕ್ತಗೆಂಪು ಅಥವಾ ಕಪ್ಪು ಮೊಟ್ಟೆಯಿಡುವ ಕೋಳಿ ಎಲ್ಲಿಯೂ ಇಲ್ಲ. ಕಡಕ್‌ನಾಥ್ ಮತ್ತು ಇಂಡೋನೇಷ್ಯಾದ ಅಯಾಮ್ ಸೆಮಾನಿ ಕೋಳಿಗಳ ಗರಿ, ಚರ್ಮ, ಮಾಂಸ ಎಲ್ಲವೂ ಕಪ್ಪು. ಮೊಟ್ಟೆ ಮಾತ್ರ ಕೆನೆಬಣ್ಣ ಅಥವಾ ತಿಳಿಗಂದು.

ಹಂತ 1: ಚಿಪ್ಪನ್ನು ಒಡೆದು ಒಳಗೆ ನೋಡಿ

ಹಳದಿ ಲೋಳೆ ಅಂಡಾಶಯದಿಂದ ಕಳಚಿಕೊಂಡ ಮೇಲೆ ಪೂರ್ತಿ ಮೊಟ್ಟೆಯಾಗಿ ಹೊರಬರಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆಯಷ್ಟು ಹೊತ್ತು ಅದು ಚಿಪ್ಪು ಕಟ್ಟುವ ಗ್ರಂಥಿಯಲ್ಲೇ ಇರುತ್ತದೆ. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಹಾಗಾಗಿ ಅದರ ಸಹಜ ಬಣ್ಣ ಬಿಳಿ. ನೀಲಿ ಬಣ್ಣ ಕೊಡುವ ಬಿಲಿವರ್ಡಿನ್ ಚಿಪ್ಪು ಕಟ್ಟುತ್ತಿರುವಾಗಲೇ ಅದರೊಳಗೆ ಸೇರಿಕೊಳ್ಳುವುದರಿಂದ ಚಿಪ್ಪಿನ ದಪ್ಪದುದ್ದಕ್ಕೂ ನೀಲಿಯೇ ಇರುತ್ತದೆ. ಕಂದು ಬಣ್ಣದ ಪ್ರೊಟೊಪಾರ್ಫಿರಿನ್ ಹಾಗಲ್ಲ. ಕಟ್ಟಿ ಮುಗಿದ ಗೋಡೆಗೆ ಸುಣ್ಣ ಬಳಿದ ಹಾಗೆ ಅದರ ಹೆಚ್ಚಿನ ಭಾಗ ಕೊನೆಯ ಕೆಲವು ಗಂಟೆಗಳಲ್ಲಿ ಹೊರಮೈಗೆ ಬಂದು ಕೂರುತ್ತದೆ. ಕಡುಗಂದು ಮೊಟ್ಟೆ ಆಗತಾನೇ ಬಿದ್ದು ಇನ್ನೂ ಒದ್ದೆಯಾಗಿರುವಾಗ ಉಜ್ಜಿದರೆ ಬಣ್ಣ ಬೆರಳಿಗೆ ಹತ್ತುವುದು ಇದೇ ಕಾರಣಕ್ಕೆ.

ಇದರಿಂದ ಒಂದು ಸುಲಭದ ಪರೀಕ್ಷೆ ಸಿಗುತ್ತದೆ. ಮೊಟ್ಟೆ ಒಡೆದು, ಒಳಗಿನ ಪೊರೆಯನ್ನು ಸುಲಿದು, ಚಿಪ್ಪಿನ ಒಳಮೈಯನ್ನು ಹಗಲು ಬೆಳಕಿನಲ್ಲಿ ನೋಡಿ. ಹೊರಗೆ ಕಂದು, ಒಳಗೆ ಬಿಳಿಯಿದ್ದರೆ ಆ ಹೇಂಟೆಯಲ್ಲಿ ನೀಲಿಯ ಜೀನ್ ಇಲ್ಲ. ಹೊರಗೆ ಹಸಿರು, ಒಳಗೆ ನೀಲಿಯಿದ್ದರೆ ಅದು ಕಂದು ಲೇಪ ಪಡೆದ ನೀಲಿ ಮೊಟ್ಟೆ. ಕೋಳಿಯಲ್ಲಿ ಹಸಿರೆಂಬ ಬೇರೆ ವರ್ಣದ್ರವ್ಯ ಇಲ್ಲ.

ಮೂರನೆಯ ಆಟಗಾರ ಚಿಪ್ಪಿನ ಮೇಲಿನ ತೆಳುವಾದ ರಕ್ಷಾಲೇಪ. ಕೆಲವು ಹೇಂಟೆಗಳಲ್ಲಿ ಇದು ದಪ್ಪವಾಗಿ, ಬಿಳಿಯ ಮಂಜಿನಂತೆ ಕೂತು, ಕೆಳಗಿನ ಕಂದು ಬಣ್ಣವನ್ನು ಗುಲಾಬಿಯಾಗಿಯೋ ನಸುನೇರಳೆಯಾಗಿಯೋ ತೋರಿಸುತ್ತದೆ. ನೀರು ಬಿದ್ದರೆ ಆ ಛಾಯೆ ಹೋಗುತ್ತದೆ. “ನೇರಳೆ ಮೊಟ್ಟೆ” ಎಂದು ಮಾರುವವರ ಗುಟ್ಟು ಬಹುಮಟ್ಟಿಗೆ ಇಷ್ಟೇ.

ನೀಲಿಯ ಹಿಂದಿನ ಕಥೆ ಇನ್ನೂ ಸ್ವಾರಸ್ಯದ್ದು. 2013ರಲ್ಲಿ ಪ್ರಕಟವಾದ ಸಂಶೋಧನೆಗಳ ಪ್ರಕಾರ, ಇಎವಿ-ಎಚ್‌ಪಿ ಎಂಬ ಪುರಾತನ ರೆಟ್ರೊವೈರಸ್‌ನ ತುಣುಕೊಂದು ಕೋಳಿಯ 1ನೇ ವರ್ಣತಂತುವಿನಲ್ಲಿ ಒಂದು ಜೀನಿನ ಪಕ್ಕಕ್ಕೆ ಬಂದು ಸೇರಿಕೊಂಡಿದ್ದೇ ನೀಲಿ ಚಿಪ್ಪಿಗೆ ಕಾರಣ. ದಕ್ಷಿಣ ಅಮೆರಿಕದ ಕೋಳಿಗಳಲ್ಲಿ ಒಮ್ಮೆ, ಚೀನಾದ ಕೋಳಿಗಳಲ್ಲಿ ಒಮ್ಮೆ, ಹೀಗೆ ಬೇರೆ ಬೇರೆಯಾಗಿ ಇದು ಸಂಭವಿಸಿದೆ. ವೈರಸ್‌ ಎಂದ ಕೂಡಲೇ ಗಾಬರಿ ಬೇಡ. ಇದು ಸೋಂಕಲ್ಲ, ತಲೆಮಾರುಗಳಿಂದ ಹರಿದುಬಂದ ಜೀನು. ತಿನ್ನುವವರಿಗೆ ಏನೂ ಆಗದು. ನೀಲಿ ಮೊಟ್ಟೆಯಲ್ಲಿ ಕೊಲೆಸ್ಟರಾಲ್ ಇಲ್ಲ ಎಂಬ ಪ್ರಚಾರವೂ ಅಷ್ಟೇ ಪೊಳ್ಳು. ಚಿಪ್ಪಿನ ಬಣ್ಣಕ್ಕೂ ರುಚಿ, ಪೋಷಕಾಂಶಗಳಿಗೂ ಸಂಬಂಧವಿಲ್ಲ.

ಹಂತ 2: ತಳಿಯನ್ನು ಆರಿಸಿಕೊಳ್ಳಿ

ನೀಲಿಯಿಂದ ಶುರು ಮಾಡೋಣ. ಎಲ್ಲರಿಗೂ ಮೊದಲು ನೆನಪಾಗುವ ಹೆಸರು ಅರೌಕಾನಾ. ಚಿಲಿ ದೇಶದ ಮಾಪುಚೆ ಜನ ಸಾಕುತ್ತಿದ್ದ ಕೋಳಿಗಳಿಂದ ಬಂದ ತಳಿ ಇದು. ಸ್ಪೇನಿನ ಕೋಳಿತಜ್ಞ ಸಾಲ್ವಡೋರ್ ಕಾಸ್ಟೆಯೊ 1921ರಲ್ಲಿ ಹೇಗ್ ನಗರದ ವಿಶ್ವ ಕುಕ್ಕುಟ ಸಮ್ಮೇಳನದಲ್ಲಿ ಇದರ ವಿಷಯ ಮಂಡಿಸಿದ ಮೇಲೆ ಹೊರಜಗತ್ತಿನ ಗಮನ ಇದರತ್ತ ಹರಿಯಿತು. ಅಮೆರಿಕದ ಮಾನದಂಡದ ಅರೌಕಾನಾಗಳಿಗೆ ಬಾಲವಿಲ್ಲ, ಕಿವಿಯ ಬಳಿ ಗರಿಯ ಗೊಂಡೆಗಳಿವೆ. ನೋಡಲು ಚೆಂದ, ಮರಿ ಮಾಡಿಸಲು ಕಷ್ಟ. ಗೊಂಡೆಯ ಜೀನ್ ತಾಯಿ ತಂದೆ ಇಬ್ಬರಿಂದಲೂ ಬಂದರೆ ಭ್ರೂಣ ಮೊಟ್ಟೆಯೊಳಗೇ ಸಾಯುತ್ತದೆ. ಅನುಭವವಿಲ್ಲದವರು ಇದರಿಂದ ಆರಂಭಿಸಬಾರದು ಎಂಬುದು ನನ್ನ ಅಭಿಪ್ರಾಯ.

ಅದೇ ಮೂಲದಿಂದ ಅಮೆರಿಕದಲ್ಲಿ ರೂಪುಗೊಂಡ ಅಮೆರಾಕಾನಾಗೆ ಬಾಲ ಇದೆ, ಗಲ್ಲದ ಕೆಳಗೆ ಗರಿಯ ಗಡ್ಡ ಇದೆ, ಗೊಂಡೆಯ ಪೀಡೆ ಇಲ್ಲ. ಅಲ್ಲಿನ ಕುಕ್ಕುಟ ಸಂಘ ಇದನ್ನು ತಳಿಯೆಂದು ಮಾನ್ಯ ಮಾಡಿದ್ದು 1984ರಲ್ಲಿ. ಕ್ರೀಮ್ ಲೆಗ್‌ಬಾರ್ ಇಂಗ್ಲೆಂಡಿನದು. ಕೇಂಬ್ರಿಜ್‌ನಲ್ಲಿ ಜೀನ್‌ವಿಜ್ಞಾನಿ ರೆಜಿನಾಲ್ಡ್ ಪನೆಟ್ ಮತ್ತು ಮೈಕೆಲ್ ಪೀಸ್ ನಡೆಸಿದ ಕೆಲಸದ ಫಲ. ಪನೆಟ್ 1933ರಲ್ಲೇ ನೀಲಿ ಮೊಟ್ಟೆಯ ಆನುವಂಶಿಕತೆಯನ್ನು ಬಿಡಿಸಿ ಬರೆದಿದ್ದರು. ಈ ತಳಿಯ ದೊಡ್ಡ ಲಾಭವೆಂದರೆ ಒಂದು ದಿನದ ಮರಿಯಲ್ಲೇ ಗಂಡು ಹೆಣ್ಣು ತಿಳಿಯುತ್ತದೆ. ಹೆಣ್ಣುಮರಿಯ ಬೆನ್ನಿನ ಮೇಲೆ ಕಡುಬಣ್ಣದ ಸ್ಪಷ್ಟ ಪಟ್ಟೆಗಳು, ಗಂಡುಮರಿ ಮಸುಕು ಬಣ್ಣದ್ದು, ತಲೆಯ ಮೇಲೆ ಬಿಳಿಚುಕ್ಕೆ. ಬೇಡದ ಹುಂಜಗಳಿಗೆ ತಿಂಗಳುಗಟ್ಟಲೆ ಮೇವು ಹಾಕುವುದು ತಪ್ಪುತ್ತದೆ. ಮೊಟ್ಟೆಯ ಸಂಖ್ಯೆಯಲ್ಲೂ ಇದು ಅರೌಕಾನಾಕ್ಕಿಂತ ಮುಂದೆ. ನೀಲಿ ಮೊಟ್ಟೆ ಬೇಕು, ತಳಿ ಪ್ರದರ್ಶನದ ಗೊಡವೆ ಬೇಡ ಎನ್ನುವವರಿಗೆ ಇದೇ ಸರಿ. ಚೀನಾದ ಜಿಯಾಂಗ್‌ಶಿ ಪ್ರಾಂತ್ಯದ ಡೊಂಗ್‌ಶಿಯಾಂಗ್ ಮತ್ತು ಹೆನಾನ್ ಪ್ರಾಂತ್ಯದ ಲೂಶಿ ಕೋಳಿಗಳೂ ನೀಲಿ ಅಥವಾ ಹಸಿರು ಮೊಟ್ಟೆಯಿಡುತ್ತವೆ.

ಕಡುಗಂದಿನಲ್ಲಿ ಮಾರಾನ್ಸ್‌ಗೆ ಸಾಟಿ ಕಡಿಮೆ. ಫ್ರಾನ್ಸಿನ ಲಾ ರೋಷೆಲ್ ಬಳಿಯ ಮಾರಾನ್ಸ್ ಊರಿನ ತಳಿ. ಇದರ ಮೊಟ್ಟೆಯ ಬಣ್ಣ ಅಳೆಯಲು 1ರಿಂದ 9ರವರೆಗಿನ ಪಟ್ಟಿಯೇ ಇದೆ. 4ಕ್ಕಿಂತ ತಿಳಿಯಾದ ಮೊಟ್ಟೆಯನ್ನು ಮಾರಾನ್ಸ್‌ನದೆಂದು ಸಾಕುವವರು ಒಪ್ಪುವುದಿಲ್ಲ. ಮಾರಾನ್ಸ್‌ನ ಹಲವು ಬಣ್ಣದ ವಂಶಗಳಲ್ಲಿ ಕಪ್ಪು-ತಾಮ್ರ ಗರಿಯದು ಹೆಚ್ಚು ಹೆಸರುವಾಸಿ. ನೆದರ್‌ಲೆಂಡ್ಸಿನ ವೆಲ್ಸಮರ್ ಇಡುವುದು ಇಟ್ಟಿಗೆಗೆಂಪಿನ ಮೊಟ್ಟೆ, ಅನೇಕ ಬಾರಿ ಅದರ ಮೇಲೆ ಕಡುಗಂದು ಚುಕ್ಕೆಗಳು. ಚುಕ್ಕೆಯ ವಿನ್ಯಾಸ ಹೇಂಟೆಯಿಂದ ಹೇಂಟೆಗೆ ಬೇರೆ, ಸ್ವಲ್ಪ ದಿನ ಗಮನಿಸಿದರೆ ಯಾವ ಮೊಟ್ಟೆ ಯಾರದೆಂದು ಹೇಳಬಹುದು. ಅದೇ ದೇಶದ ಬಾರ್ನೆವೆಲ್ಡರ್ ಇನ್ನಷ್ಟು ಸೌಮ್ಯ ಸ್ವಭಾವದ್ದು, ಮೊಟ್ಟೆಯ ಕಂದು ಮಾರಾನ್ಸ್‌ಗಿಂತ ತಿಳಿ.

ಬಿಳಿ ಕಿವಿಹಾಲೆಯ ಕೋಳಿ ಬಿಳಿ ಮೊಟ್ಟೆ, ಕೆಂಪು ಕಿವಿಹಾಲೆಯ ಕೋಳಿ ಕಂದು ಮೊಟ್ಟೆ ಇಡುತ್ತದೆ ಎಂಬ ಮಾತು ಕೇಳಿರುತ್ತೀರಿ. ಸಾಮಾನ್ಯವಾಗಿ ನಿಜ, ಆದರೆ ನಿಯಮವಲ್ಲ. ಸ್ಪೇನಿನ ಕ್ಯಾಟಲೋನಿಯಾದ ಪೆನೆಡೆಸೆಂಕಾ ಕೋಳಿಯ ಕಿವಿಹಾಲೆ ಬಹುಪಾಲು ಬಿಳಿ, ಮೊಟ್ಟೆ ಕಡುಗಂದು.

ಹಸಿರಿಗೆ ಶುದ್ಧ ತಳಿಗಳು ಕಡಿಮೆ. ಸ್ವೀಡನ್ನಿನಲ್ಲಿ ಮಾರ್ಟಿನ್ ಸಿಲ್ವೆರುಡ್ ಬೆಳೆಸಿದ ಇಸ್ಬಾರ್ ಕೋಳಿ ಅಂಥದ್ದೊಂದು. ಉಳಿದಂತೆ ಆಲಿವ್ ಎಗ್ಗರ್, ಈಸ್ಟರ್ ಎಗ್ಗರ್ ಎಂಬ ಹೆಸರಿನಲ್ಲಿ ಸಿಗುವುದೆಲ್ಲ ಮಿಶ್ರ ಕೋಳಿ. ಅದರಲ್ಲಿ ತಪ್ಪೇನಿಲ್ಲ. ಮಿಶ್ರಕೋಳಿ ಗಟ್ಟಿಮುಟ್ಟಾಗಿರುತ್ತದೆ, ಚೆನ್ನಾಗಿ ಮೊಟ್ಟೆಯಿಡುತ್ತದೆ. ಅದನ್ನು ಶುದ್ಧ ಅಮೆರಾಕಾನಾ ಎಂದು ಹೇಳಿ ಮಾರುವುದು ಮಾತ್ರ ತಪ್ಪು, ಮತ್ತು ಅದು ಎಲ್ಲೆಲ್ಲೂ ನಡೆಯುತ್ತದೆ.

ಫೇವರೋಲ್, ಲೈಟ್ ಸಸೆಕ್ಸ್, ಸಿಲ್ಕಿ ಕೋಳಿಗಳದು ಕೆನೆ ಅಥವಾ ನಸುಗುಲಾಬಿ. ಲ್ಯಾಂಗ್‌ಶಾನ್‌ನ ಕಂದು ಮೊಟ್ಟೆಗೆ ಕೆಲವೊಮ್ಮೆ ನೇರಳೆ ಛಾಯೆ. ಬುಟ್ಟಿಯಲ್ಲಿ ಬಣ್ಣಗಳು ಎದ್ದು ಕಾಣಬೇಕೆಂದರೆ ಬಿಳಿ ಮೊಟ್ಟೆಯಿಡುವ ಒಂದೆರಡು ಲೆಗ್‌ಹಾರ್ನ್ ಸಾಕಿ. ಬಿಳಿ ಪಕ್ಕದಲ್ಲಿದ್ದರೇ ತಿಳಿನೀಲಿ ನೀಲಿಯಾಗಿ ಕಾಣುವುದು.

ಆಯ್ಕೆಯಲ್ಲಿ ಇನ್ನೊಂದು ವಿಷಯ. ಕಡುಗಂದು ಮೊಟ್ಟೆಯಿಡುವ ಹೇಂಟೆ ದಿನಾ ಇಡುವುದಿಲ್ಲ. ಸಂಖ್ಯೆ ಹೆಚ್ಚಿದರೆ ಬಣ್ಣ ತಿಳಿಯಾಗುವ ಪ್ರವೃತ್ತಿ ಇದೆ. ಎರಡನ್ನೂ ಒಂದೇ ಕೋಳಿಯಿಂದ ಬಯಸಬೇಡಿ.

ಹಂತ 3: ಕೊಳ್ಳುವಾಗ ಕೇಳಬೇಕಾದ್ದು

ಗರಿಯನ್ನಲ್ಲ, ಮೊಟ್ಟೆಯನ್ನು ನೋಡಿ ಕೋಳಿ ಕೊಳ್ಳಿ. ಮರಿಯ ತಾಯಿ ಇಟ್ಟ ಮೊಟ್ಟೆಯನ್ನು ತೋರಿಸಿ ಎನ್ನಿ. ಹುಂಜ ಯಾವ ಬಣ್ಣದ ಮೊಟ್ಟೆಯಿಂದ ಹೊರಬಂದದ್ದು ಎಂದೂ ಕೇಳಿ. ಎರಡನೆಯ ಪ್ರಶ್ನೆಗೆ ತಡವರಿಸುವ ಮಾರಾಟಗಾರ ತಳಿಯ ಬಗ್ಗೆ ಶ್ರದ್ಧೆ ಇಟ್ಟವನಲ್ಲ ಎಂದು ತಿಳಿಯಬಹುದು. ಹುಂಜ ಮೊಟ್ಟೆಯಿಡುವುದಿಲ್ಲವಾದರೂ ಮಗಳ ಮೊಟ್ಟೆಯ ಬಣ್ಣದಲ್ಲಿ ಅದರ ಪಾಲೂ ಇರುತ್ತದೆ. ಮೊಟ್ಟೆಯನ್ನು ಹಗಲು ಬೆಳಕಿನಲ್ಲಿ, ಒಂದು ಬಿಳಿ ಕಾಗದದ ಮೇಲಿಟ್ಟು ನೋಡಿ. ಮಾರಾಟಗಾರ ಕಳಿಸಿದ ಚಿತ್ರದಲ್ಲಿ ಬಿಳಿ ಕಾಗದವೇ ಹಳದಿಯಾಗಿಯೋ ನೀಲಿಯಾಗಿಯೋ ಕಂಡರೆ ಮೊಟ್ಟೆಯ ಬಣ್ಣವೂ ಸುಳ್ಳೇ. ಚೊಚ್ಚಲ ಮೊಟ್ಟೆಗಳು ಯಾವಾಗಲೂ ಹೆಚ್ಚು ಗಾಢ, ಚಿತ್ರಕ್ಕೆ ಆರಿಸುವುದೂ ಅವನ್ನೇ. ಆದ್ದರಿಂದ ಅದೇ ಹೇಂಟೆಯ ಕೆಲವು ತಿಂಗಳ ನಂತರದ ಮೊಟ್ಟೆಯನ್ನು ಕೇಳುವುದು ಜಾಣತನ.

ಹೊಸ ಕೋಳಿಗಳನ್ನು ಒಂದು ತಿಂಗಳು ಬೇರೆ ಗೂಡಿನಲ್ಲಿಡಿ. ಶ್ವಾಸರೋಗಗಳು ಇರುವ ಹಿಂಡಿಗೆ ಹೊಕ್ಕರೆ ಮೊಟ್ಟೆಯ ಬಣ್ಣವಷ್ಟೇ ಅಲ್ಲ, ಮೊಟ್ಟೆಯೇ ನಿಲ್ಲಬಹುದು.

ಹಂತ 4: ಆಹಾರ, ಬೆಳಕು, ಗೂಡು

ಇಲ್ಲಿ ಬಣ್ಣದ ಕೋಳಿಗೆಂದು ವಿಶೇಷವೇನೂ ಇಲ್ಲ. ಮೊಟ್ಟೆಕೋಳಿಯ ಆಹಾರದಲ್ಲಿ ಶೇಕಡ 16ರಿಂದ 18 ಪ್ರೋಟೀನ್, ಶೇಕಡ 3.5ರಿಂದ 4 ಕ್ಯಾಲ್ಸಿಯಂ ಇರಲಿ. ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿಡಿ, ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಇನ್ನೂ ಮೊಟ್ಟೆಗೆ ಬಾರದ ಎಳೆ ಹೇಂಟೆಗೆ ಅಷ್ಟು ಕ್ಯಾಲ್ಸಿಯಂ ಕೊಟ್ಟರೆ ಮೂತ್ರಪಿಂಡ ಹಾಳಾಗುತ್ತದೆ. ದಿನಕ್ಕೆ 14ರಿಂದ 16 ಗಂಟೆ ಬೆಳಕು ಸಿಕ್ಕರೆ ಮೊಟ್ಟೆ ನಿಲ್ಲದು. ಲೆಗ್‌ಹಾರ್ನ್ ಐದು ತಿಂಗಳಿಗೆ ಮೊಟ್ಟೆಗೆ ಬಂದರೆ ಮಾರಾನ್ಸ್, ಅಮೆರಾಕಾನಾ ಆರು ತಿಂಗಳು ದಾಟಿಸಬಹುದು. ಕಾಯಬೇಕು.

ಯಾವ ಮೇವು ಹಾಕಿದರೂ ಬಿಳಿ ಮೊಟ್ಟೆಯ ಕೋಳಿ ನೀಲಿ ಮೊಟ್ಟೆ ಇಡುವುದಿಲ್ಲ. ಚೆಂಡುಹೂವು, ಹಳದಿ ಜೋಳ, ಹಸಿರು ಸೊಪ್ಪು ಬದಲಿಸುವುದು ಒಳಗಿನ ಹಳದಿ ಲೋಳೆಯ ಬಣ್ಣವನ್ನು ಮಾತ್ರ.

ಹಂತ 5: ಬಣ್ಣಗಳನ್ನು ಬೆರೆಸುವುದು

ಹವ್ಯಾಸದ ನಿಜವಾದ ರಸ ಇಲ್ಲಿದೆ. ಎರಡು ವಿಷಯ ನೆನಪಿಡಿ. ನೀಲಿ ಒಂದೇ ಜೀನಿನ ಗುಣ ಮತ್ತು ಅದು ಪ್ರಬಲ. ಒಂದು ಪ್ರತಿ ಇದ್ದರೂ ಚಿಪ್ಪು ನೀಲಿಯಾಗುತ್ತದೆ, ಎರಡು ಪ್ರತಿ ಇದ್ದರೆ ಸ್ವಲ್ಪ ಗಾಢ. ಕಂದು ಹಾಗಲ್ಲ, ಅನೇಕ ಜೀನ್‌ಗಳು ಸೇರಿ ಅದರ ಗಾಢತೆ ನಿರ್ಧಾರವಾಗುತ್ತದೆ. ಅದಕ್ಕೇ ನೀಲಿಯ ಫಲವನ್ನು ಲೆಕ್ಕ ಹಾಕಿ ಹೇಳಬಹುದು, ಕಂದಿನದನ್ನು ಅಂದಾಜು ಮಾತ್ರ ಮಾಡಬಹುದು.

ಶುದ್ಧ ನೀಲಿ (ನೀಲಿಯ ಜೀನಿನ ಎರಡು ಪ್ರತಿ ಇರುವುದು) ಮತ್ತು ಬಿಳಿ ಸೇರಿದರೆ ಮಗಳಂದಿರೆಲ್ಲ ತಿಳಿನೀಲಿ. ಶುದ್ಧ ನೀಲಿ ಮತ್ತು ಸಾಧಾರಣ ಕಂದು ಸೇರಿದರೆ ಹಸಿರು. ಕಡುಗಂದು ಸೇರಿದರೆ ಆಲಿವ್.

ಆಲಿವ್‌ಗೆ ಯಾವ ಕಡೆಯಿಂದ ಹುಂಜ ತರಬೇಕು? ಬಹಳ ಜನ ಮಾರಾನ್ಸ್ ಹುಂಜ ಇಡುತ್ತಾರೆ. ನಾನು ಅದರ ತಿರುವುಮುರುವನ್ನು ಹೇಳುತ್ತೇನೆ. ಮಾರಾನ್ಸ್ ಹುಂಜ ಎಷ್ಟು ಗಾಢವಾದ ಕಂದನ್ನು ಹೊತ್ತಿದೆ ಎಂದು ತಿಳಿಯಲು ಅದರ ಹೆಣ್ಣುಮರಿಗಳು ದೊಡ್ಡವಾಗುವವರೆಗೆ ದಾರಿಯಿಲ್ಲ. ಮಾರಾನ್ಸ್ ಹೇಂಟೆಯ ಮೊಟ್ಟೆಯೋ ಕಣ್ಣೆದುರಿಗೇ ಇದೆ, ಅತ್ಯಂತ ಗಾಢವಾದುದನ್ನು ಇಡುವವಳನ್ನು ಆರಿಸಬಹುದು. ನೀಲಿಯ ಹುಂಜದಲ್ಲಿ ಎರಡು ಪ್ರತಿ ಇವೆಯೇ ಎಂಬುದನ್ನು ಗರಿ ಅಥವಾ ರಕ್ತದ ಮಾದರಿಯ ಡಿಎನ್‌ಎ ಪರೀಕ್ಷೆಯಿಂದ ತಿಳಿಯಬಹುದು. ಅದು ಸಿಗದಿದ್ದರೆ ಬಿಳಿ ಮೊಟ್ಟೆಯ ಹೇಂಟೆಗಳ ಜೊತೆ ಬಿಟ್ಟು ಮಗಳಂದಿರನ್ನು ನೋಡಿ. ಎಲ್ಲರೂ ನೀಲಿ ಇಟ್ಟರೆ ಹುಂಜ ಶುದ್ಧ, ಅರ್ಧದಷ್ಟು ಮಂದಿ ಬಿಳಿ ಇಟ್ಟರೆ ಅಲ್ಲ. ಒಟ್ಟಿನಲ್ಲಿ ಕಣ್ಣಿಗೆ ಕಾಣಬೇಕಾದ ಗುಣ ಹೇಂಟೆಯಲ್ಲಿರಲಿ, ಪರೀಕ್ಷೆಗೆ ಸಿಗುವ ಗುಣ ಹುಂಜದಲ್ಲಿರಲಿ.

ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಸಾಕು. ಹಳೆಯ ಹುಂಜವನ್ನು ತೆಗೆದ ಮೇಲೆ ಮೂರು ವಾರ ಬಿಟ್ಟು ಕಾವಿಗೆ ಮೊಟ್ಟೆ ಎತ್ತಿಡಿ. ಹೇಂಟೆಯ ದೇಹದಲ್ಲಿ ಹುಂಜದ ವೀರ್ಯ ಅಷ್ಟು ದಿನ ಉಳಿಯಬಲ್ಲದು.

ಮೊದಲ ತಲೆಮಾರಿನ ಆಲಿವ್ ಮಗಳಂದಿರಲ್ಲಿ ನೀಲಿಯ ಒಂದೇ ಪ್ರತಿ ಇರುತ್ತದೆ. ಬಣ್ಣ ಇನ್ನೂ ಗಾಢವಾಗಬೇಕೆಂದರೆ ಈ ತಲೆಮಾರನ್ನು ಮತ್ತೆ ಕಡುಗಂದಿನ ಕಡೆಗೆ ಸೇರಿಸಬೇಕು. ಆಗ ಅರ್ಧ ಮರಿಗಳಿಗೆ ನೀಲಿಯ ಜೀನ್ ದಾಟುತ್ತದೆ, ಅವು ಪಾಚಿಯಂಥ ಕಡು ಆಲಿವ್ ಇಡುತ್ತವೆ. ಉಳಿದರ್ಧ ಕಂದು ಇಡುತ್ತವೆ. ಯಾವುದು ಯಾವುದೆಂದು ತಿಳಿಯಲು ಆರು ತಿಂಗಳು ಕಾಯಬೇಕೇ? ಬೇಕಿಲ್ಲ. ಅರೌಕಾನಾ, ಅಮೆರಾಕಾನಾಗಳ ತಲೆಯ ಮೇಲಿನ ಕೆಂಪು ಜುಟ್ಟು ಬಟಾಣಿ ಸಾಲಿನಂತೆ ಚಿಕ್ಕದು, ಮಾರಾನ್ಸ್‌ನದು ಗರಗಸದಂಥ ಒಂಟಿ ಜುಟ್ಟು. ಬಟಾಣಿ ಜುಟ್ಟಿನ ಜೀನ್ ನೀಲಿಯ ಜೀನಿನ ತೀರ ಹತ್ತಿರ, ಅದೇ 1ನೇ ವರ್ಣತಂತುವಿನ ಮೇಲಿದೆ. ಎರಡೂ ಸಾಮಾನ್ಯವಾಗಿ ಜೊತೆಯಲ್ಲೇ ಮರಿಗೆ ಹೋಗುತ್ತವೆ. ಆದ್ದರಿಂದ ಬಟಾಣಿ ಜುಟ್ಟಿನ ಮರಿಗಳನ್ನು ಇಟ್ಟುಕೊಂಡರೆ ಬಹುಪಾಲು ಆಲಿವ್ ಹೇಂಟೆಗಳೇ ಸಿಗುತ್ತವೆ, ತಪ್ಪುವುದು ನೂರಕ್ಕೆ ಕೆಲವು ಮಾತ್ರ. ಗಂಡುಮರಿಯಲ್ಲೂ ಈ ಗುರುತು ಸಲ್ಲುತ್ತದೆ. ಕ್ರೀಮ್ ಲೆಗ್‌ಬಾರ್‌ನಿಂದ ಆರಂಭಿಸಿದವರಿಗೆ ಈ ಸವಲತ್ತಿಲ್ಲ. ಅದು ನೀಲಿ ಮೊಟ್ಟೆಯ ಕೋಳಿಯಾದರೂ ಒಂಟಿ ಜುಟ್ಟಿನದು.

ಆಲಿವ್‌ಗಳನ್ನೇ ತಮ್ಮೊಳಗೆ ಸೇರಿಸಿದರೆ ಸುಮಾರು ಮುಕ್ಕಾಲು ಪಾಲು ಹಸಿರು-ನೀಲಿಯ ಬೇರೆ ಬೇರೆ ಛಾಯೆಗಳು, ಕಾಲು ಪಾಲು ಕಂದು ಬರುತ್ತವೆ. ಬುಟ್ಟಿಯಲ್ಲಿ ವೈವಿಧ್ಯ ಬೇಕೆನ್ನುವವರಿಗೆ ಇದು ಹಬ್ಬ, ಒಂದೇ ಬಣ್ಣವನ್ನು ನೆಲೆಗೊಳಿಸಬೇಕೆನ್ನುವವರಿಗೆ ತಲೆನೋವು.

ಹಂತ 6: ಗಾಢಬಣ್ಣದ ಮೊಟ್ಟೆಗೆ ಕಾವು

ಏಳು ದಿನಕ್ಕಿಂತ ಹಳೆಯದಾಗದ, ಚೂಪು ತುದಿ ಕೆಳಗಿಟ್ಟು ತಂಪಾದ ಜಾಗದಲ್ಲಿ ಕಾಪಿಟ್ಟ ಮೊಟ್ಟೆಗಳನ್ನು ಕೂರಿಸಿ. ಬೀಸಣಿಗೆಯಿರುವ ಕಾವುಯಂತ್ರದಲ್ಲಿ 37.5 ಡಿಗ್ರಿ ಸೆಲ್ಸಿಯಸ್, ಆರಂಭದಲ್ಲಿ ಶೇಕಡ 45ರಿಂದ 50 ತೇವಾಂಶ, 18ನೇ ದಿನದಿಂದ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ ತೇವಾಂಶ ಶೇಕಡ 65ಕ್ಕೆ ಏರಿಕೆ, 21ನೇ ದಿನ ಮರಿ. ಇದು ಎಲ್ಲ ಕೋಳಿಗೂ ಒಂದೇ.

ಮಾರಾನ್ಸ್ ಮತ್ತು ಆಲಿವ್ ಮೊಟ್ಟೆಗಳ ತೊಡಕು ಬೇರೆ. ಟಾರ್ಚ್ ಹಿಡಿದರೆ ಒಳಗೇನೂ ಕಾಣುವುದಿಲ್ಲ. ಕತ್ತಲಕೋಣೆ ಮತ್ತು ಪ್ರಖರವಾದ ಎಲ್‌ಇಡಿ ಬೇಕು. ಏಳನೆಯ ದಿನಕ್ಕೆ ರಕ್ತನಾಳ ಹುಡುಕುವುದನ್ನು ಬಿಟ್ಟು ಹತ್ತನೆಯ ದಿನಕ್ಕೆ ನೋಡಿದರೆ ವಾಸಿ. ಆಗ ಕಪ್ಪು ನೆರಳು ಅಲುಗುವುದಾದರೂ ಕಾಣುತ್ತದೆ. ಜೊತೆಗೆ ದಪ್ಪ ಲೇಪದ ಚಿಪ್ಪಿನಿಂದ ನೀರಾವಿ ನಿಧಾನವಾಗಿ ಹೊರಹೋಗುವುದರಿಂದ ಮೊಟ್ಟೆಯ ಅಗಲ ತುದಿಯಲ್ಲಿರುವ ಗಾಳಿಗೂಡು ಚಿಕ್ಕದಾಗಿ, ಮರಿ ಕೊನೆಯಲ್ಲಿ ಉಸಿರುಗಟ್ಟಬಹುದು. ಕಣ್ಣಳತೆ ಬೇಡ, ತಕ್ಕಡಿ ಹಿಡಿಯಿರಿ. 18 ದಿನಗಳಲ್ಲಿ ಮೊಟ್ಟೆ ತನ್ನ ತೂಕದ ಶೇಕಡ 11ರಿಂದ 13ರಷ್ಟು ಕಳೆದುಕೊಳ್ಳಬೇಕು. 65 ಗ್ರಾಂ ಮೊಟ್ಟೆಯಾದರೆ ಏಳರಿಂದ ಎಂಟೂವರೆ ಗ್ರಾಂ. ವಾರಕ್ಕೊಮ್ಮೆ ತೂಗಿ, ಇಳಿಕೆ ಸಾಲದಿದ್ದರೆ ತೇವಾಂಶ ತಗ್ಗಿಸಿ.

ಗಾಢ ಬಣ್ಣ ಬೇಕೆಂದು ಕಡುಬಣ್ಣದ ಮೊಟ್ಟೆಗಳನ್ನೇ ಕೂರಿಸುವುದು ಸರಿ. ಆಕಾರ ಕೆಟ್ಟಿರುವ, ತೆಳು ಚಿಪ್ಪಿನ ಮೊಟ್ಟೆ ಎಷ್ಟೇ ಕಡುಬಣ್ಣದ್ದಾಗಿದ್ದರೂ ಬೇಡ.

ಹಂತ 7: ಬಣ್ಣ ಮಾಸಿದಾಗ

ಪ್ರತಿ ಹೇಂಟೆಗೂ ಬಣ್ಣ ಒಂದೇ. ಇಂದು ನೀಲಿ, ನಾಳೆ ಕಂದು ಎಂಬುದಿಲ್ಲ. ಬದಲಾಗುವುದು ಗಾಢತೆ ಮಾತ್ರ. ಋತುವಿನ ಮೊದಲ ಮೊಟ್ಟೆಗಳು ಕಡು, ತಿಂಗಳು ಕಳೆದಂತೆ ತಿಳಿ. ಗರಿ ಉದುರಿಸಿ ವಿಶ್ರಾಂತಿ ಪಡೆದ ಮೇಲೆ ಬಣ್ಣ ಮರಳುತ್ತದೆ. ವಯಸ್ಸಾದಂತೆ ಮೊಟ್ಟೆ ದೊಡ್ಡದಾಗಿ, ಇರುವಷ್ಟೇ ಬಣ್ಣ ಹೆಚ್ಚು ಜಾಗಕ್ಕೆ ಹರಡುತ್ತದೆ. ಇದಕ್ಕೆ ಮದ್ದಿಲ್ಲ, ಬೇಕಾಗಿಯೂ ಇಲ್ಲ.

ಇದ್ದಕ್ಕಿದ್ದಂತೆ ಕಂದು ಮೊಟ್ಟೆ ಬಿಳಿಚಿಕೊಂಡರೆ ಮಾತ್ರ ಎಚ್ಚರವಾಗಿ. ಒಂದೇ ಕೋಳಿಯದೋ ಇಡೀ ಹಿಂಡಿನದೋ ಎಂದು ಮೊದಲು ನೋಡಿ. ಒಂದರದ್ದಾದರೆ ಗಾಬರಿ, ಜಗಳ, ರಕ್ತ ಹೀರುವ ಹುಳಗಳ ಕಾಟ ಇರಬಹುದು. ರಾತ್ರಿ ಟಾರ್ಚ್ ಹಿಡಿದು ಕೋಳಿ ಕೂರುವ ಅಡ್ಡಪಟ್ಟಿಯ ಸಂದುಗಳನ್ನು ಪರೀಕ್ಷಿಸಿ. ಬೆದರಿದ ಹೇಂಟೆ ಮೊಟ್ಟೆಯನ್ನು ಹೊಟ್ಟೆಯಲ್ಲೇ ತಡೆಹಿಡಿದರೆ ಅದರ ಮೇಲೆ ಸುಣ್ಣದ ಬಿಳಿಪದರ ಕೂರುತ್ತದೆ. ಇಡೀ ಹಿಂಡಿನದಾದರೆ ಸಾಂಕ್ರಾಮಿಕ ಶ್ವಾಸನಾಳದ ಉರಿಯೂತ ಅಥವಾ 1976ರಲ್ಲಿ ಮೊದಲು ವರದಿಯಾದ ಎಗ್ ಡ್ರಾಪ್ ಸಿಂಡ್ರೋಮ್‌ನ ಶಂಕೆ ಇರಲಿ. ಎರಡನೆಯದರಲ್ಲಿ ಕೋಳಿ ಆರೋಗ್ಯವಾಗಿಯೇ ಕಾಣುತ್ತದೆ, ಬಣ್ಣ ಹೋಗುವುದೇ ಮೊದಲ ಲಕ್ಷಣ, ಬೆನ್ನಿಗೇ ತೆಳುಚಿಪ್ಪಿನ ಮೊಟ್ಟೆಗಳು ಬರುತ್ತವೆ. ಪಶುವೈದ್ಯರನ್ನು ಕರೆಯಲು ತಡ ಮಾಡಬೇಡಿ. ರಕ್ತಭೇದಿ ತಡೆಯಲು ಮಾಂಸದ ಕೋಳಿಯ ಆಹಾರಕ್ಕೆ ಬೆರೆಸುವ ನೈಕಾರ್ಬಜಿನ್ ಔಷಧ ತಪ್ಪಿ ಮೊಟ್ಟೆಕೋಳಿಯ ಹೊಟ್ಟೆ ಸೇರಿದರೂ ಕಂದು ಬಣ್ಣ ಬಿಳಿಚುತ್ತದೆ. ಹೊಸ ಮೂಟೆ ಬಿಚ್ಚಿದ ದಿನವನ್ನು ನೆನಪು ಮಾಡಿಕೊಳ್ಳಿ.

ಹಂತ 8: ಎತ್ತುವುದು, ಒರೆಸುವುದು

ಒದ್ದೆ ಮೊಟ್ಟೆಗೆ ಕೈ ಹಾಕಬೇಡಿ, ಒಣಗಲಿ. ಗೂಡಿನ ಹುಲ್ಲು ಒರಟಾಗಿದ್ದರೆ ಮಾರಾನ್ಸ್ ಮೊಟ್ಟೆಯ ಮೇಲೆ ಗೀರುಗಳು ಬೀಳುತ್ತವೆ, ಮೆತ್ತನೆಯ ಹಾಸು ಹಾಕಿ. ಕೊಳೆಯನ್ನು ಒಣಬಟ್ಟೆಯಿಂದ ಒರೆಸಿ. ತೊಳೆಯಲೇಬೇಕಾದರೆ ಮೊಟ್ಟೆಗಿಂತ ಬೆಚ್ಚಗಿನ ನೀರು ಬಳಸಿ. ತಣ್ಣೀರಿನಲ್ಲಿ ಒಳಗಿನದು ಕುಗ್ಗಿ, ರಂಧ್ರಗಳ ಮೂಲಕ ಕೊಳೆ ಒಳಗೆ ಸೆಳೆದುಕೊಳ್ಳುತ್ತದೆ. ತೊಳೆದ ಮೊಟ್ಟೆ ರೆಫ್ರಿಜರೇಟರಿಗೆ ಹೋಗಲಿ, ಬೇಗ ಬಳಕೆಯಾಗಲಿ. ಕಾವಿಗೆಂದು ತೆಗೆದಿಟ್ಟದ್ದನ್ನು ತೊಳೆಯಲೇಬಾರದು. ವಿನೆಗರ್ ಹಾಕಿ ಉಜ್ಜುವ ಸಲಹೆಯನ್ನೂ ಕಂದು ಮೊಟ್ಟೆಯ ಮಟ್ಟಿಗೆ ಮರೆತುಬಿಡಿ. ಕೊಳೆಯ ಜೊತೆಗೆ ಬಣ್ಣವೂ ಬಟ್ಟೆಗೆ ಬರುತ್ತದೆ.